ಜೀರುಂಡೆ ಕಡೀತೈತೇನು?

ಮೇ ತಿಂಗಳಲ್ಲಿ ಧಾರವಾಡದಿಂದ ದಾಂಡೇಲಿಗೆ ಹೊರಟವರು ಹಳಿಯಾಳ ದಾಟಿ ಚಹಾಕ್ಕೆ ನಿಂತಿದ್ದೆವು. ಬೈಕ್ ಸೀಟಿನ ಮೇಲೆ ಹುಳವೊಂದು ಬಂದು ಕೂತಿತು. "ಏ, ಕಡೀತೈತಿ, ಹೊಡೀಲೇ!" ಅಂದದ್ದೇ ತಡ, ಚಪ್ಪಲಿಯಿಂದ ಹೊಡೆದೇಬಿಟ್ಟೆವು. ಆಮೇಲೆ ನೋಡಿದರೆ ಜೀರುಂಡೆ, ಅಂದರೆ ಸಿಕಾಡಾ.

ದುಂಬಿಗೂ ಕೆಲವರು ಇದೇ ಹೆಸರು ಹೇಳುವುದರಿಂದ ಗೊಂದಲ. ಗುರುತು ಹಿಡಿಯೋದು ಸುಲಭ: ತಲೆಯ ಎರಡು ಬದಿಗೆ ಉಬ್ಬಿದ ಕಣ್ಣು, ನಡುವೆ ಮೂರು ಚುಕ್ಕಿಗಣ್ಣು, ಗಿಡ್ಡ ಮೀಸೆ, ಮನೆಯ ಮಾಡಿನಂತೆ ಇಳಿಜಾರಾದ ರೆಕ್ಕೆ. ರಾತ್ರಿ ಮೂಲೆಯಲ್ಲಿ ಕಿರ್ರೆನ್ನುವ ಹುಳದ ಮೀಸೆ ಉದ್ದ.

ಇದಕ್ಕೆ ಕಚ್ಚಲು ಹಲ್ಲಿಲ್ಲ, ಕುಟುಕಲು ಕೊಂಡಿಯಿಲ್ಲ, ವಿಷವೂ ಇಲ್ಲ. ಸೂಜಿಯಂಥ ಬಾಯಿ ಇರೋದು ಮರದ ರಸ ಹೀರಲು. ಕೈಯನ್ನೇ ಕೊಂಬೆ ಅಂದುಕೊಂಡರೆ ಅಪರೂಪಕ್ಕೆ ಚುಚ್ಚೀತು, ಅಷ್ಟೆ. (ಮರದ ಕೆಳಗೆ ತಲೆಗೆ ಹನಿ ಬಿದ್ದರೆ ಅದು ಮಳೆಯಲ್ಲ, ಅದರ ಉಚ್ಚೆ!)

ಕೂಗೋದು ಗಂಡು. ಹೊಟ್ಟೆಯ ಬುಡದಲ್ಲಿ, ಎರಡೂ ಬದಿಗೆ, ಏಣುಗಳಿರುವ ಪೊರೆ ಇದೆ. ಸ್ನಾಯು ಎಳೆದಾಗ ಅದು ಒಳಗೆ ಬಾಗಿ 'ಟಕ್' ಅನ್ನುತ್ತದೆ. ಮೆಕ್ಯಾನಿಕಲ್‌ನವರು ಓದುವ ಬಕ್ಲಿಂಗ್ ಇದೇ. ಟೊಳ್ಳು ಹೊಟ್ಟೆ ರೆಸೊನೇಟರ್. ಕೆಲವು ಜಾತಿಗಳ ದನಿ ಹತ್ತಿರದಿಂದ 100 ಡೆಸಿಬಲ್ ದಾಟುತ್ತದೆ, ಕಿವಿಗೆ ಹಿಡೀಬ್ಯಾಡ್ರಿ.

ನಾವು ಹೊಡೆದದ್ದು ಮಣ್ಣೊಳಗೆ ವರ್ಷಗಟ್ಟಲೆ ಬೇರಿನ ರಸ ಕುಡಿದು ಬೆಳೆದು, ಕೆಲವೇ ವಾರ ಬದುಕಲು ಮೇಲೆ ಬಂದಿತ್ತು. ಮರದ ಕಾಂಡಕ್ಕೆ ಅಂಟಿದ, ಬೆನ್ನು ಸೀಳಿದ ಕಂದು ಚಿಪ್ಪು ಕಂಡರೆ ಅದು ಜೀರುಂಡೆ ಕಳಚಿಟ್ಟ ಅಂಗಿ. ಧೈರ್ಯವಾಗಿ ಮುಟ್ಟಿ ನೋಡ್ರಿ.