ಕೃಷ್ಣೆಗೆ ಸೇರುವ ಗಟಾರದ ನೀರು: ಸಾಂಗ್ಲಿಯವರು ಏನು ಮಾಡುತ್ತಿದ್ದಾರೆ?

ಪ್ರಶ್ನೆ: ನಮ್ಮದು ಕಾಗವಾಡ ತಾಲ್ಲೂಕಿನ ಹೊಳೆ ದಂಡೆಯ ಊರು. ದವಾಖಾನೆಗೂ ಪೇಟೆಗೂ ಮಿರಜಕ್ಕೇ ಹೋಗುತ್ತೇವೆ. ಮುಂಗಾರಿನ ಮೊದಲ ಮಳೆಗೆ ಹೊಳೆಯ ನೀರು ಕೆಲವೊಮ್ಮೆ ಕಪ್ಪಾಗಿ ನಾರುತ್ತದೆ. ಇದು ಸಾಂಗ್ಲಿ-ಮಿರಜದ ಗಟಾರದ ನೀರೇ? ಅಲ್ಲಿಯ ಜನ ಇದಕ್ಕೆ ಏನಾದರೂ ಮಾಡುತ್ತಿದ್ದಾರೆಯೇ?

ಉತ್ತರ: ಹೌದು, ಅದರಲ್ಲಿ ಸಾಂಗ್ಲಿ-ಮಿರಜದ ಪಾಲಿದೆ. ಆದರೆ ಮೊದಲು ನೀರಿನ ಬಣ್ಣ ಗಮನಿಸಿ. ಕೆಂಪಗೆ, ರಾಡಿಯಾಗಿ ಬರುವ ಹೊಸ ನೀರಿನ ಬಣ್ಣಕ್ಕೆ ಅಂಜಬೇಕಿಲ್ಲ. ಅದು ಘಟ್ಟದ, ಹೊಲದ ಮಣ್ಣು. ಕಪ್ಪಗೆ, ನೊರೆ ಕಟ್ಟಿಕೊಂಡು, ಕೊಳೆತ ನಾತದೊಂದಿಗೆ ಬರುವ ನೀರೇ ನೀವು ಕೇಳುತ್ತಿರುವ ನೀರು. ಅದು ನಿಮ್ಮನ್ನು ಮುಟ್ಟುವ ಹೊತ್ತಿಗೆ ಹರಿಪುರದಲ್ಲಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡಿರುತ್ತವೆ. ಹಾಗಾಗಿ ತಪ್ಪನ್ನೆಲ್ಲ ಒಂದೇ ಊರಿನ ತಲೆಗೆ ಕಟ್ಟಲಾಗದು. ಇಚಲಕರಂಜಿ, ಕೊಲ್ಹಾಪುರಗಳ ಪಾಲೂ ಅದರಲ್ಲಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ 351 ಮಲಿನ ನದಿಪಾತ್ರಗಳಲ್ಲಿ ಶಿಂದಿಯಿಂದ ಕುರುಂದವಾಡದವರೆಗಿನ ಕೃಷ್ಣೆಯೂ ಇದೆ.

ಸಾಂಗ್ಲಿಯಲ್ಲಿ ಈ ಮಾತು ಎತ್ತಿದರೆ ಯಾರ ಬಾಯಲ್ಲೂ ಮೊದಲು ಬರುವ ಹೆಸರು ಶೇರಿ ನಾಲಾ. ಮಳೆನೀರು ಹರಿದು ಹೋಗಲೆಂದು ಇದ್ದ ಹಳ್ಳವದು. ಊರು ಬೆಳೆಯುತ್ತ ಮನೆಗಳ ಕೊಳೆನೀರೂ ಅದರ ಪಾಲಾಯಿತು, ಅದರ ಬಾಯಿ ಮಾತ್ರ ಕೃಷ್ಣೆಯಲ್ಲೇ ಉಳಿಯಿತು. ಆ ನೀರನ್ನು ಪಂಪಿನಿಂದ ಎತ್ತಿ, ಕೊಳವೆಯಲ್ಲಿ ಧುಳಗಾಂವ ಹಳ್ಳಿಗೆ ಒಯ್ದು, ಅಲ್ಲಿ ಹೊಂಡಗಳಲ್ಲಿ ಶುದ್ಧ ಮಾಡಿ ಹೊಲಗಳಿಗೆ ಕೊಡುವ ಯೋಜನೆಗೆ ಮಹಾನಗರಪಾಲಿಕೆ ಕೈ ಹಾಕಿತು. ವಿಚಾರ ಒಳ್ಳೆಯದೇ. ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ಪಂಪು ನಿಂತ ದಿನ, ಇಲ್ಲವೇ ಮಳೆ ಜೋರಾಗಿ ಪಂಪಿನ ಶಕ್ತಿ ಮೀರಿದ ದಿನ, ನಾಲಾ ಉಕ್ಕಿ ಮತ್ತೆ ಹೊಳೆಗೇ ಸೇರುತ್ತದೆ.

ಮೊದಲ ಮಳೆಗೇ ಯಾಕೆ ಹೀಗೆ? ಬೇಸಿಗೆಯಲ್ಲಿ ಕೃಷ್ಣೆ ಹೆಚ್ಚು ಹರಿಯುವುದಿಲ್ಲ, ಕೊಲ್ಹಾಪುರ ಮಾದರಿ ಬಾಂದಾರಗಳ ಹಿಂದೆ ನಿಂತಿರುತ್ತದೆ. ನಾಲ್ಕೈದು ತಿಂಗಳ ಕೊಳೆ ನಾಲೆಗಳ ತಳದಲ್ಲಿ ಕಪ್ಪು ಕೆಸರಾಗಿ ಕೂತಿರುತ್ತದೆ. ರಸ್ತೆಯ ಮೇಲೆ ಎಣ್ಣೆ, ಸಗಣಿ, ಪ್ಲಾಸ್ಟಿಕ್. ಹೊಲದಲ್ಲಿ ಕಬ್ಬಿಗೆ ಹಾಕಿದ ಗೊಬ್ಬರ. ಮಿರಗದ ಮಳೆ ಒಂದೆರಡು ತಾಸು ಹೊಡೆದರೆ ಸಾಕು, ಎಲ್ಲವೂ ಒಟ್ಟಿಗೆ ಇಳಿದು ಬರುತ್ತದೆ. ಆ ಹೊಲಸು ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಅದು ತೀರಾ ಕುಸಿದಾಗ ಮೀನು ಬಾಯಿ ಮೇಲೆ ಮಾಡಿ ತೇಲುತ್ತವೆ, ಆಮೇಲೆ ಸಾಯುತ್ತವೆ. 2022ರ ಮಳೆಗಾಲದಲ್ಲಿ ಅಂಕಲಿಯ ಬಳಿ (ನಮ್ಮ ಚಿಕ್ಕೋಡಿ ತಾಲ್ಲೂಕಿನ ಅಂಕಲಿಯಲ್ಲ, ಸಾಂಗ್ಲಿ-ಕೊಲ್ಹಾಪುರ ರಸ್ತೆಯದು) ರಾಶಿ ರಾಶಿ ಮೀನು ಸತ್ತಾಗ ನಾಗರಿಕರೇ ದೂರು ಒಯ್ದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಟ್ಟೆ ಹತ್ತಿತು. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಗಳ ನೀರಿನ ಲೆಕ್ಕವನ್ನೂ ಜನ ಕೇಳತೊಡಗಿದ್ದಾರೆ. ನನ್ನ ಮಟ್ಟಿಗೆ ಜನರ ಕೆಲಸದಲ್ಲಿ ಇದೇ ದೊಡ್ಡದು. ಪೊರಕೆ ಹಿಡಿಯುವವರು ಬಹಳ ಮಂದಿ ಸಿಗುತ್ತಾರೆ, ಕಾಗದ ಹಿಡಿದು ವರ್ಷಗಟ್ಟಲೆ ಅಲೆಯುವವರು ಕಡಿಮೆ.

ಹಾಗೆಂದು ಪೊರಕೆಯ ಕೆಲಸ ಹಗುರವಲ್ಲ. ನಿರ್ಧಾರ ಫೌಂಡೇಶನ್ನಿನ ಹುಡುಗರು ಹಲವು ವರ್ಷಗಳಿಂದ ಸಾಂಗ್ಲಿಯ ಸಾರ್ವಜನಿಕ ಜಾಗಗಳನ್ನು ದಿನವೂ ಗುಡಿಸುತ್ತ ಬಂದಿದ್ದಾರೆ. ರಸ್ತೆಯಿಂದ ಎತ್ತಿದ ಕಸ ಗಟಾರಕ್ಕೆ ಬೀಳದ ಕಸ. ಗಣೇಶ ಚೌತಿಯಲ್ಲಿ ಮೂರ್ತಿಯನ್ನು ಹೊಳೆಗೆ ಬಿಡದೆ ದಾನ ಕೊಡಿ ಎಂಬ ಚಳವಳಿಯನ್ನು ಅಂಧಶ್ರದ್ಧಾ ನಿರ್ಮೂಲನ ಸಮಿತಿ ಮಹಾರಾಷ್ಟ್ರದಲ್ಲಿ ನಡೆಸಿತು. ಸಂಸ್ಥಾನದ ಪಟವರ್ಧನ ರಾಜರ ಕಾಲದಿಂದ ಗಣಪತಿಯನ್ನೇ ಊರ ದೈವವಾಗಿ ನಂಬಿದ ಸಾಂಗ್ಲಿಯಲ್ಲಿ ಆ ಮಾತು ಹೇಳಲು ಧೈರ್ಯ ಬೇಕಿತ್ತು.

ಸಾಂಗ್ಲಿಯವರಿಗೆ ಇದರಲ್ಲಿ ಸ್ವಂತದ ನೋವೂ ಇದೆ. ಅಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು 57 ಅಡಿ ದಾಟಿತು. ಹೊಳೆ ಏರಿದಾಗ ನಾಲಾ ಹಿಮ್ಮುಖವಾಗುತ್ತದೆ. ಸೂರ್ಯವಂಶಿ ಪ್ಲಾಟ್, ದತ್ತನಗರಗಳಂಥ ತಗ್ಗಿನ ಬಡಾವಣೆಗಳಿಗೆ ನೀರು ಮೊದಲು ನುಗ್ಗುತ್ತದೆ, ಊರಿನ ಕೊಳೆಯನ್ನೂ ಜೊತೆಗೇ ತರುತ್ತದೆ. ಅಲ್ಲಿ ಮನೆ ತೊಳೆದವರಿಗೆ ನಾಲೆಯ ಹೂಳು ಏನೆಂದು ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಹೂಳೆತ್ತಿ ದಂಡೆಯ ಮೇಲೇ ಗುಡ್ಡೆ ಹಾಕಿ ಹೋಗುವ ಗುತ್ತಿಗೆದಾರನನ್ನು ತಡೆದು, ಆ ಗುಡ್ಡೆಯನ್ನು ಅಂದೇ ಲಾರಿಗೆ ಹೇರಿಸುವುದು ಓಣಿಯ ಜನ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ. ಇಲ್ಲದಿದ್ದರೆ ಮೊದಲ ಮಳೆಗೆ ಆ ಕೆಸರೆಲ್ಲ ಮರಳಿ ನಾಲೆಗೆ.

ಇದೇ ಜಿಲ್ಲೆಯ ಅಗ್ರಣಿಯನ್ನೂ ನೆನೆಯಬೇಕು. ಸಾಂಗ್ಲಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ, ನಮ್ಮ ಅಥಣಿ ತಾಲ್ಲೂಕಿಗೆ ಇಳಿದು ಕೃಷ್ಣೆಯನ್ನು ಸೇರುವ ಈ ಹೊಳೆ ಬತ್ತಿಹೋಗಿತ್ತು. ಜಲತಜ್ಞ ರಾಜೇಂದ್ರ ಸಿಂಗ್ ಅವರ ಮಾರ್ಗದರ್ಶನದಲ್ಲಿ ಜಲ ಬಿರಾದರಿ ಸಂಘಟನೆಯವರು ಹಳ್ಳಿಗರೊಂದಿಗೆ ಸೇರಿ ಹೂಳೆತ್ತಿದರು, ಒಡ್ಡು ಹಾಕಿದರು. ಏತ ನೀರಾವರಿಯ ನೀರೂ ಮುಂದೆ ಅದಕ್ಕೆ ಕೂಡಿತು. ಅಲ್ಲಿ ಇದ್ದದ್ದು ನೀರಿಲ್ಲದ ಕಷ್ಟ, ಸಾಂಗ್ಲಿಯಲ್ಲಿ ಇರುವುದು ಹೊಲಸು ನೀರಿನ ಕಷ್ಟ. ಆದರೂ ಒಂದು ಹೊಳೆಗಾಗಿ ಹಲವು ಹಳ್ಳಿಗಳು ಒಟ್ಟಿಗೆ ಕೂರಬಲ್ಲವು ಎಂಬುದನ್ನು ಆ ಜನ ಮಾಡಿ ತೋರಿಸಿದರು.

ನೀವು ಕೆಳಗಿನ ದಂಡೆಯವರು. ನಿಮ್ಮ ಸಾಕ್ಷಿಗೆ ಬೆಲೆಯಿದೆ. ನೀರು ಕಪ್ಪಾದ ದಿನವೇ ಫೋಟೊ ತೆಗೆಯಿರಿ. ತಾರೀಖು, ಹೊತ್ತು, ಜಾಗ, ಮೀನು ಸತ್ತಿವೆಯೇ ಎಂಬುದನ್ನು ಬರೆದಿಡಿ. ಅಂದೇ ನಿಮ್ಮ ಭಾಗದ ಕರ್ನಾಟಕ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ತಿಳಿಸಿ, ಬಂದು ಮಾದರಿ ಎತ್ತಲು ಹೇಳಿ, ದೂರಿಗೆ ಪೋಚಪಾವತಿ (ಸ್ವೀಕೃತಿ ರಸೀದಿ) ಪಡೆಯಿರಿ. ದೂರಿನ ಒಂದು ಪ್ರತಿಯನ್ನು ಸಾಂಗ್ಲಿಯ ಮಹಾರಾಷ್ಟ್ರ ಮಂಡಳಿಯ ಕಚೇರಿಗೂ ಕಳಿಸಿ. ಎರಡು ದಿನ ತಡವಾದರೆ ಹೊಸ ನೀರು ಬಂದು ಎಲ್ಲವನ್ನೂ ತೊಳೆದುಬಿಡುತ್ತದೆ, ಮಾದರಿಯಲ್ಲಿ ಏನೂ ಸಿಗುವುದಿಲ್ಲ. ಮಾದರಿ ಎತ್ತುವಾಗ ನಿಮ್ಮೂರಿನ ಗಟಾರ ಹೊಳೆಗೆ ಬೀಳುವ ಜಾಗದ ಮೇಲೊಂದು, ಕೆಳಗೊಂದು ಎತ್ತಿಸಿ. ಮೇಲಿನಿಂದ ಬಂದದ್ದೆಷ್ಟು, ನಮ್ಮದೆಷ್ಟು ಎಂಬುದು ಆಗ ಗೊತ್ತಾಗುತ್ತದೆ.