ಶಾಲೆಗೆ ಬೀಗ ಬೀಳುವ ಮುಂಚೆ

ಅಕ್ಕಂದಿರೇ,

ಏಪ್ರಿಲ್ ಬಂತು. ಪರೀಕ್ಷೆ ಮುಗಿಯಿತು. ಮಕ್ಕಳಿಗೆ ಪಾಸು, ಫೇಲು ಹೇಳ್ತಾರೆ. ಆಮೇಲೆ ಶಾಲೆಗೆ ಬೇಸಿಗೆ ರಜೆ. ಮಕ್ಕಳಿಗೆ ವರ್ಷವೆಲ್ಲ ಅಡುಗೆ ಮಾಡಿ ಬಡಿಸಿದ ಅಕ್ಕನ ಲೆಕ್ಕ ಏನಾಯಿತು? ಅವರ ದುಡಿಮೆಯ ದುಡ್ಡು ಪೂರಾ ಬಂತೇ? ಇದನ್ನು ತಿಳಿಯುವುದು ಹೇಗೆ ಎಂದು ಈ ಪಾಠದಲ್ಲಿ ಓದೋಣ.

ಮುತ್ತತ್ತಿ ಕಡೆಯ ಇಬ್ಬರು ಅಡುಗೆಯವರು ಹೀಗೆ ಮಾತಾಡಿದರು ಎಂದು ಇಟ್ಟುಕೊಳ್ಳಿ.

"ಏನಕ್ಕ, ಏಪ್ರಿಲ್, ಮೇ ದುಡ್ಡು ಬತ್ತದಾ?"

"ಇಲ್ಲ ಕಣವ್ವ. ವರ್ಸಕ್ಕೆ ಹತ್ತೇ ತಿಂಗಳು ಕೊಡಾದು."

"ಹಂಗಾರೆ ಈ ಎರಡು ತಿಂಗಳು?"

"ಕೂಲಿಗೆ ಹೋಗಾದು, ಇನ್ನೇನು? ಅದಿರಲಿ, ಹತ್ತು ತಿಂಗಳದ್ದೂ ಪೂರಾ ಬಂದದಾ? ನೋಡ್ಕಂಡಿದ್ದೀಯಾ?"

"ನಂಗೇನು ಗೊತ್ತಾಯ್ತದಕ್ಕ? ಮೇಷ್ಟ್ರು ಬರ್ಕಂಡಿರ್ತಾರೆ."

"ಮೇಷ್ಟ್ರು ಬರ್ಕಳ್ಳಲಿ. ನೀನೂ ಬರ್ಕೊ. ಈಗ ನಿಂಗೂ ಅಕ್ಷರ ಬತ್ತದಲ್ಲ!"

ಹಿರಿಯ ಅಕ್ಕ ಹೇಳಿದ್ದು ಸರಿಯಾದ ಮಾತು.

ಗೌರವಧನ

ಶಾಲೆಯಲ್ಲಿ ಬೇಯಿಸಿದ ಊಟ ಕೊಡಬೇಕು ಎಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಬಿಸಿಯೂಟ ಅಂತ ನಾವು ಕರೆಯುವುದು ಇದನ್ನೇ. 2013ರಿಂದ ಹಾಲು ಕಾಯಿಸಿ ಕೊಡುವ ಕೆಲಸವೂ ಸೇರಿತು.

ಅಡುಗೆಯವರಿಗೆ ಸರಕಾರ ಕೊಡುವ ದುಡ್ಡಿಗೆ ಸಂಬಳ ಅನ್ನುವುದಿಲ್ಲ. ಗೌರವಧನ ಅನ್ನುತ್ತಾರೆ. 2009ರಲ್ಲಿ ಕೇಂದ್ರ ಸರಕಾರ ಇದನ್ನು ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ 10 ತಿಂಗಳು ಎಂದು ಗೊತ್ತು ಮಾಡಿತು. ರಾಜ್ಯ ಸರಕಾರ ಅದರ ಮೇಲೆ ತನ್ನ ಪಾಲು ಸೇರಿಸುತ್ತದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮುಖ್ಯ ಅಡುಗೆಯವರಿಗೆ 3,700, ಸಹಾಯಕರಿಗೆ 3,600 ರೂಪಾಯಿ ಆಯಿತು. ದರ ಬದಲಾಗುತ್ತಾ ಇರುತ್ತದೆ. ಈ ವರ್ಷದ ದರ ಎಷ್ಟು ಎಂದು ಶಾಲೆಯಲ್ಲಿ ಕೇಳಿ. ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ದಿನದ ಲೆಕ್ಕ

ಮನೆಯ ಗೋಡೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ. ಒಲೆ ಹಚ್ಚಿದ ದಿನ ಆ ತಾರೀಖಿಗೆ ಒಂದು ಗೆರೆ ಹಾಕಿ. ಹೋಗದ ದಿನ ಸೊನ್ನೆ ಹಾಕಿ. ನಿಮ್ಮ ಬದಲಿಗೆ ಯಾರಾದರೂ ಬಂದಿದ್ದರೆ ಅವರ ಹೆಸರನ್ನೂ ಬರೆಯಿರಿ. ತಿಂಗಳ ಕೊನೆಗೆ ಗೆರೆಗಳನ್ನು ಎಣಿಸಿ, ಪುಸ್ತಕಕ್ಕೆ ಇಳಿಸಿ.

ರಜೆಯಲ್ಲಿ ಕೆಲಸ ಮಾಡಿದ್ದರೆ ಅದನ್ನು ಬೇರೆ ಬರೆಯಿರಿ. 2024ರ ಬೇಸಿಗೆಯಲ್ಲಿ ಬರ ಬಂದ ತಾಲ್ಲೂಕುಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಅಂಥ ದಿನಗಳು ಲೆಕ್ಕ ತಪ್ಪುವುದು ಸುಲಭ. ಏಪ್ರಿಲ್ ಮೊದಲ ವಾರದ ದಿನಗಳನ್ನು ಹೇಗೆ ಲೆಕ್ಕ ಹಿಡಿದರು ಎಂದೂ ಕೇಳಿ.

ಮೂರು ಪುಸ್ತಕ ಜೋಡಿಸಿ

ಶಾಲೆಗೆ ಬೀಗ ಬೀಳುವ ಮುಂಚೆ ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ:

1. ನಿಮ್ಮ ಪುಸ್ತಕ
2. ಶಾಲೆಯ ಹಾಜರಿ ಪುಸ್ತಕ
3. ಬ್ಯಾಂಕಿನ ಪಾಸ್ ಪುಸ್ತಕ

ಮುತ್ತತ್ತಿಯಂಥ ಕಾಡಂಚಿನ ಊರಿನವರು ಬ್ಯಾಂಕಿಗೆ ಹಲಗೂರಿಗೋ ಮಳವಳ್ಳಿಗೋ ಹೋಗಬೇಕು. ಸಂತೆಗೋ ಆಸ್ಪತ್ರೆಗೋ ಹೋದ ದಿನವೇ ಪಾಸ್ ಪುಸ್ತಕ ಬರೆಸಿಕೊಂಡು ಬನ್ನಿ.

ಪಾಸ್ ಪುಸ್ತಕದಲ್ಲಿ ದುಡ್ಡು ಬಂದ ತಾರೀಖು ಇರುತ್ತದೆ. ಆದರೆ ಅದು ಯಾವ ತಿಂಗಳ ಕೆಲಸದ್ದು ಎಂದು ಗೊತ್ತಾಗುವುದಿಲ್ಲ. ಜುಲೈ ದುಡ್ಡು ಸೆಪ್ಟೆಂಬರಿನಲ್ಲಿ ಬಂದಿರಬಹುದು. ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಿರಬಹುದು. ಅದೇ ಖಾತೆಗೆ ಗೃಹಲಕ್ಷ್ಮಿಯ 2,000 ಬಂದಿದ್ದರೆ ಅದನ್ನು ಬಿಟ್ಟು ಎಣಿಸಿ.

ಲೆಕ್ಕ ಮಾಡೋಣ

ಒಬ್ಬ ಮುಖ್ಯ ಅಡುಗೆಯಕ್ಕ. ತಿಂಗಳಿಗೆ 3,700 ರೂಪಾಯಿ ಎಂದು ಇಟ್ಟುಕೊಳ್ಳಿ. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳು ದುಡಿದರು.

ಬರಬೇಕಾದದ್ದು: 3,700 × 10 = 37,000

ಪಾಸ್ ಪುಸ್ತಕದಲ್ಲಿ ನಾಲ್ಕು ಸಲ ಬಂದಿದೆ:
7,400 (ಎರಡು ತಿಂಗಳದ್ದು)
11,100 (ಮೂರು ತಿಂಗಳದ್ದು)
3,700 (ಒಂದು ತಿಂಗಳದ್ದು)
11,100 (ಮೂರು ತಿಂಗಳದ್ದು)

ಒಟ್ಟು ಬಂದದ್ದು: 33,300
ಬಾಕಿ: 37,000 – 33,300 = 3,700

ಒಂದು ತಿಂಗಳು ಬಾಕಿ! ನಾಲ್ಕು ಸಲ ದುಡ್ಡು ಬಂತಲ್ಲ ಎಂದು ಸುಮ್ಮನಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಬಾಕಿ ಇದ್ದರೆ ಏನು ಮಾಡಬೇಕು?

ಮೊದಲು ಮುಖ್ಯ ಶಿಕ್ಷಕರನ್ನು ಕೇಳಿ. ಜಗಳ ಬೇಡ. ಹೆದರಿಕೆಯೂ ಬೇಡ. "ಸಾರ್, ಆ ತಿಂಗಳ ಹಾಜರಿ ತಾಲ್ಲೂಕಿಗೆ ಹೋಗಿದೆಯಾ?" ಎಂದು ಕೇಳಿ. ಹೋಗಿದ್ದರೆ ದುಡ್ಡು ತಡವಾಗಿರಬಹುದು. ಹೋಗದಿದ್ದರೆ ಈಗಲೇ ಕಳಿಸಲು ಹೇಳಿ. ರಜೆ ಶುರುವಾದರೆ ಮೇಷ್ಟ್ರು ಅವರ ಊರಿಗೆ ಹೋಗುತ್ತಾರೆ. ಹಾಜರಿ ಪುಸ್ತಕ ಬೀರುವಿನಲ್ಲಿ ಇರುತ್ತದೆ. ಜೂನ್ ಹೊತ್ತಿಗೆ ಮೇಷ್ಟ್ರಿಗೆ ವರ್ಗವೂ ಆಗಿರಬಹುದು. ಹೊಸಬರಿಗೆ ಹಳೆಯ ಲೆಕ್ಕ ಏನು ಗೊತ್ತು?

ಶಾಲೆಯಲ್ಲಿ ಸರಿಹೋಗದಿದ್ದರೆ ಅರ್ಜಿ ಬರೆಯಿರಿ. ಹೀಗೆ:

ಇವರಿಗೆ,
ಸಹಾಯಕ ನಿರ್ದೇಶಕರು, ಅಕ್ಷರ ದಾಸೋಹ,
ತಾಲ್ಲೂಕು ಪಂಚಾಯತಿ, ಮಳವಳ್ಳಿ.
ಮುಖಾಂತರ: ಮುಖ್ಯ ಶಿಕ್ಷಕರು.
ಮಾನ್ಯರೇ,
ನಾನು ............ ಶಾಲೆಯ ಅಡುಗೆಯವಳು. ಈ ವರ್ಷ ...... ತಿಂಗಳು ಕೆಲಸ ಮಾಡಿದ್ದೇನೆ. ...... ತಿಂಗಳ ಗೌರವಧನ ಮಾತ್ರ ಬಂದಿದೆ. ಬಾಕಿ ...... ರೂಪಾಯಿ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಪಾಸ್ ಪುಸ್ತಕದ ನಕಲು ಇಟ್ಟಿದ್ದೇನೆ.
ತಾರೀಖು ......... ಸಹಿ .........

ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಂಡು ನೀವೇ ಇಟ್ಟುಕೊಳ್ಳಿ.

ಒಂದು ಮಾತು ನೆನಪಿಡಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. "ದುಡ್ಡು ತಲುಪಿದೆ" ಎಂದು ಬರೆದಿದ್ದರೆ, ದುಡ್ಡು ತಲುಪಿದ ಮೇಲೆಯೇ ಸಹಿ.

ಸೀತಮ್ಮನ ಮೂಗುತಿಯ ಮುತ್ತು ಕಾವೇರಿಯ ಸುಳಿಗೆ ಬಿತ್ತಂತೆ. ಹನುಮಂತ ನೀರಿಗೆ ಬಾಲ ಇಳಿಬಿಟ್ಟು ತಡಕಿ ತೆಗೆದುಕೊಟ್ಟನಂತೆ. ಅದಕ್ಕೇ ಊರಿಗೆ ಮುತ್ತತ್ತಿ ಎಂದು ಹೆಸರು ಬಂತು ಅಂತ ಹಿರಿಯರು ಹೇಳ್ತಾರೆ. ನಮ್ಮ ಒಂದು ತಿಂಗಳ ದುಡಿಮೆ ಲೆಕ್ಕದ ಸುಳಿಗೆ ಬಿದ್ದರೆ ಅದನ್ನು ತಡಕಿ ತೆಗೆಯಬೇಕಾದವರು ನಾವೇ. ಅದಕ್ಕೆ ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು.

ಹೊಸ ಪದಗಳು

ಗೌರವಧನ, ಹಾಜರಿ, ಬಾಕಿ, ಅರ್ಜಿ, ಮುಖಾಂತರ, ನಕಲು, ಮೊಹರು

ಅಭ್ಯಾಸ

1. ಪಕ್ಕಪಕ್ಕ ಇಟ್ಟು ನೋಡಬೇಕಾದ ಮೂರು ಪುಸ್ತಕ ಯಾವುವು?
2. ಸಹಾಯಕ ಅಡುಗೆಯವರಿಗೆ ತಿಂಗಳಿಗೆ 3,600 ಆದರೆ ಹತ್ತು ತಿಂಗಳಿಗೆ ಎಷ್ಟು? 28,800 ಬಂದಿದ್ದರೆ ಎಷ್ಟು ತಿಂಗಳು ಬಾಕಿ?
3. ನೀವು ಎಲ್ಲಿ ಕೂಲಿಗೆ ಹೋಗುತ್ತೀರಿ? ಈ ವಾರ ಹೋದ ದಿನ, ಬರಬೇಕಾದ ದುಡ್ಡು, ಬಂದ ದುಡ್ಡು ಬರೆಯಿರಿ.
4. ಮೇಲಿನ ಅರ್ಜಿಯನ್ನು ನಿಮ್ಮ ಹೆಸರು, ಊರು ಹಾಕಿ ಪೂರ್ತಿ ಬರೆಯಿರಿ. ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.