ಕರಡಿ, ನೀರುನಾಯಿ ಮತ್ತು ‘ಬೇಕೆಂದು’ ಎಂಬ ಪದ

ತರಗತಿ: 7. ವಿಷಯ: ವಿಜ್ಞಾನ. ಪಾಠ: ಪ್ರಾಣಿಗಳಲ್ಲಿ ಹೊಂದಾಣಿಕೆ.

ಹಿಮಕರಡಿ, ಒಂಟೆಗಳ ಬದಲು ಕಮಲಾಪುರ ಭಾಗದ ಮಕ್ಕಳಿಗೆ ಹತ್ತಿರದ ಎರಡು ಪ್ರಾಣಿಗಳನ್ನು ಆರಿಸಿಕೊಂಡೆ. ಒಂದು, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಕರಡಿ. ಇನ್ನೊಂದು, ತುಂಗಭದ್ರೆಯ ನೀರುನಾಯಿ. ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ಅದರ ಸಂರಕ್ಷಣಾ ಮೀಸಲು.

ಕಪ್ಪುಹಲಗೆಯಲ್ಲಿ ಹೋಲಿಕೆ ಬರೆದೆವು. ಕರಡಿಗೆ ಹುತ್ತ ಅಗೆಯಲು ಉದ್ದ ಬಾಗಿದ ಉಗುರು. ಗೆದ್ದಲು ಹೀರಲು ಚಾಚುವ ತುಟಿ, ಮುಂದಿನ ಎರಡು ಮೇಲ್ಹಲ್ಲುಗಳಿಲ್ಲದ ಸಂದು. ನೀರುನಾಯಿಗೆ ಜಾಲಪಾದ, ಚಪ್ಪಟೆ ಬಾಲ, ಒತ್ತಾದ ತುಪ್ಪಳ. ಎರಡೂ ಮೂಗಿನ ಹೊಳ್ಳೆ ಮುಚ್ಚಬಲ್ಲವು: ಕರಡಿ ಧೂಳಿಗೆ, ನೀರುನಾಯಿ ನೀರಿಗೆ.

“ಗೆದ್ದಲು ತಿನ್ನಬೇಕಂತ ಕರಡಿ ಉಗುರು ಬೆಳೆಸಿಕೊಂಡೈತಿ” ಎಂದನೊಬ್ಬ. “ನಮಗೂ ಹಾರೋ ಆಸೆ ಐತಿ, ರೆಕ್ಕೆ ಬಂದಾವೇನು?” ಎಂದಳು ಇನ್ನೊಬ್ಬಳು. ಪಾಠದ ತಿರುಳು ಇಲ್ಲಿತ್ತು.

ಚಟುವಟಿಕೆ: ಮಣ್ಣಿನಲ್ಲಿ ಹೂತ ಕಡಲೆಯನ್ನು ಕೆಲವರು ಚಮಚದಿಂದ, ಕೆಲವರು ಮುಳ್ಳುಚಮಚದಿಂದ, ಕೆಲವರು ಕಡ್ಡಿಯಿಂದ ತೆಗೆದರು. ಒಂದು ನಿಮಿಷದಲ್ಲಿ ಐದು ಕಾಳು ಸಿಗದವರು ಹೊರಗೆ; ಸಿಕ್ಕವರ ಜೊತೆ ಅದೇ ಸಾಧನ ಹಿಡಿದ ಹೊಸಬರೊಬ್ಬರು ಒಳಗೆ. ಮೂರನೇ ಸುತ್ತಿಗೆ ಕಡ್ಡಿಗಳೇ ಇರಲಿಲ್ಲ. ಯಾವ ಸಾಧನವೂ ಬದಲಾಗಲಿಲ್ಲ, ಗುಂಪು ಬದಲಾಯಿತು. ಹೊಂದಾಣಿಕೆ ತಲೆಮಾರುಗಳ ಆಯ್ಕೆ, ಒಂದು ಪ್ರಾಣಿಯ ಇಚ್ಛೆಯಲ್ಲ.

ಮೌಲ್ಯಮಾಪನ: ಹೊಳೆಯ ಮೀನು ಮುಗಿದರೆ ಇಂದಿನ ನೀರುನಾಯಿ ಕರಡಿಯಂತೆ ಉಗುರು ಬೆಳೆಸಿಕೊಳ್ಳಬಲ್ಲದೇ? “ಇಲ್ಲ, ಅದಕ್ಕೇ ಹೊಳೆ ಉಳೀಬೇಕು” ಎಂಬ ಉತ್ತರ ಬಂತು. ಪಾಠ ಬೋಧಿಸುವ ಗೆಳೆಯರು ‘ಬೇಕೆಂದು’ ಪದವನ್ನು ಕಿವಿಗೊಟ್ಟು ಕೇಳಲಿ.